ಇಸ್ತ್ರಿ ಅಕ್ಕನ ದನಿ

ಹೋಟೆಲಿನ ಹಿಂಬದಿಯ ಲಾಂಡ್ರಿಯಲ್ಲಿ ಬಿಳುಪಿಗೆ ಕೊನೆಯೇ ಇರಲಿಲ್ಲ. ಹಾಸಿಗೆಯ ಮೇಲುಹಾಸು, ದಿಂಬಿನ ಗವಸು, ಟವೆಲ್ಲು, ಮೇಜಿನ ಬಟ್ಟೆ, ಹೀಗೆ ಒಂದು ರಾಶಿ ಕರಗುವಷ್ಟರಲ್ಲಿ ಇನ್ನೊಂದು ತಳ್ಳುಗಾಡಿ ಬಾಗಿಲು ಗುದ್ದಿಕೊಂಡು ಒಳಗೆ ಬರುತ್ತಿತ್ತು. ಕಿಟಕಿಯಿಲ್ಲದ ಗೋಡೆಗೆ ಬೆನ್ನು ಕೊಟ್ಟು, ಆವಿ ಇಸ್ತ್ರಿ ಹಿಡಿದು ಅವಳು ಅಲ್ಲಿ ನಿಂತು ಎಷ್ಟು ವರ್ಷವಾಯಿತೆಂಬುದನ್ನು ಅವಳ ಮೊಣಕಾಲುಗಳು ಮಾತ್ರ ಸರಿಯಾಗಿ ಬಲ್ಲವು.

ಬಲಗೈ ಇಸ್ತ್ರಿಯ ಮೇಲೆ, ಎಡಗೈ ಬಟ್ಟೆಯ ಅಂಚಿನ ಮೇಲೆ. ಫೋನಿನಲ್ಲಿ ಅಕ್ಷರ ಒತ್ತುತ್ತ ಕೂರುವುದು ಅವಳಿಂದ ಆಗದ ಮಾತು. ಫೋನನ್ನು ಗಂಜಿಪುಡಿಯ ಡಬ್ಬಕ್ಕೆ ಒರಗಿಸಿಟ್ಟು, ಬೆರಳಿನ ಗೆಣ್ಣಿನಿಂದ ಒತ್ತಿ, ಎಳೆಗೂಸಿನ ತಾಯಂದಿರ ಗುಂಪೊಂದಕ್ಕೆ ತನ್ನ ಮಾತನ್ನು ಬಾಯಲ್ಲಿ ಹೇಳಿ ಕಳಿಸಿಬಿಡುತ್ತಿದ್ದಳು. ಅವಳ ಪ್ರತಿ ಮಾತಿನ ಹಿಂದೆಯೂ ಆವಿ ಉಸ್ಸೆನ್ನುತ್ತಿತ್ತು. ಅದರಿಂದಲೇ ಅವಳಿಗೆ ‘ಇಸ್ತ್ರಿ ಅಕ್ಕ’ ಎಂಬ ಹೆಸರು ಅಂಟಿಕೊಂಡದ್ದು. ‘ಅಕ್ಕ, ನಿಮ್ಮ ಬುದ್ಧಿಮಾತು ನನಗೆ, ನಿಮ್ಮ ಆವಿ ಸದ್ದು ನನ್ನ ಮಗನಿಗೆ. ಹಾಕಿದರೆ ಸಾಕು, ನಿದ್ದೆ ಹೋಗ್ತಾನೆ’ ಎಂದು ಗುಂಡನ ಅಮ್ಮ ಒಮ್ಮೆ ಬರೆದಾಗ ಗುಂಪೆಲ್ಲ ನಕ್ಕಿತ್ತು.

ಗುಂಪಿನ ಹೆಸರು ‘ಅಮ್ಮಂದಿರ ಕಟ್ಟೆ’. ಅದನ್ನು ನಡೆಸುತ್ತಿದ್ದವಳು ಅವಳಿ ಮಕ್ಕಳ ತಾಯಿ. ಸ್ವಂತ ಹೆಸರು, ಫೋಟೋ, ವಿಳಾಸ ಯಾವುದೂ ಅಲ್ಲಿ ಬೇಡವೆಂದು ಅವಳು ಮೊದಲೇ ಕಟ್ಟುಪಾಡು ಮಾಡಿದ್ದಳು. ಗಂಡನ ಕಣ್ಣಿಗೋ ಅತ್ತೆಯ ಕಿವಿಗೋ ಬೀಳುವ ಭಯವಿದ್ದರೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಹಾಗಾಗಿ ಎಲ್ಲರೂ ಮಕ್ಕಳ ಮುದ್ದಿನ ಹೆಸರಿನವರು. ಗುಂಡನ ಅಮ್ಮ, ಪುಟ್ಟಿ ಅಮ್ಮ, ಅವಳಿ ಅಮ್ಮ. ಮಗುವಿಗೆ ಹಲ್ಲು ಬಂದದ್ದು, ಮಗು ಬೋರಲು ಬಿದ್ದದ್ದು, ಮಗುವಿನ ಮಲ ಹಸಿರಾದದ್ದು, ಎಲ್ಲವೂ ಎಲ್ಲರಿಗೂ ಗೊತ್ತು. ತಾಯಿ ಯಾರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ, ಯಾರೂ ಕೇಳುತ್ತಿರಲಿಲ್ಲ.

ಇಸ್ತ್ರಿ ಅಕ್ಕನ ಮಕ್ಕಳು ದೊಡ್ಡವರಾಗಿದ್ದರು. ಮಗ ದೂರದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ. ಮಗಳು ಬೇಕರಿಯಲ್ಲಿ ಕೆಲಸಕ್ಕಿದ್ದು, ತಾಯಿಯ ಜೊತೆಗೇ ಇದ್ದಳು. ತಾಯಿಯ ಸಂದೇಶಗಳನ್ನು ಕೇಳಿಸಿಕೊಂಡು ಅವಳು ಕೆಣಕುವಳು.

“ಅಮ್ಮಾ, ಇಷ್ಟೊಂದು ಸಮಾಧಾನ ನಾನು ಸಣ್ಣವಳಿದ್ದಾಗ ಎಲ್ಲಿ ಬಚ್ಚಿಟ್ಟಿದ್ದೆ? ನನಗೆ ಬರೀ ಸೌಟೇ ಕಾಣಿಸ್ತಿತ್ತು.”

“ನಿನ್ನ ಮೇಲೆ ಕೈ ಪಳಗಿಸಿಕೊಂಡಿದ್ದಕ್ಕೇ ಈಗ ಬೇರೆಯವರಿಗೆ ಹೇಳೋಕಾಗ್ತಿರೋದು. ಸುಮ್ಮನೆ ತಿನ್ನು.”

ಹಾಗೆ ಹೇಳುವಾಗ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ. ಲಾಂಡ್ರಿಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮೇಲ್ವಿಚಾರಕ ಬಂದರೆ ರಾಶಿಯನ್ನು ನೋಡುತ್ತಿದ್ದನೇ ಹೊರತು ಅವಳನ್ನಲ್ಲ. ಆದರೆ ಡಬ್ಬಕ್ಕೊರಗಿದ ಆ ಸಣ್ಣ ಪರದೆಯೊಳಗೆ ನೂರಾರು ಹೆಂಗಸರು ಅವಳ ಮಾತಿಗೆ ಕಾಯುತ್ತಿದ್ದರು. ಸಂದೇಶ ಒಂದು ನಿಮಿಷ ದಾಟಿದರೆ ಯಾರೂ ಪೂರ್ತಿ ಕೇಳುವುದಿಲ್ಲವೆಂದು ಅವಳಿ ಅಮ್ಮ ಎಚ್ಚರಿಸಿದ್ದಳು. ಇಸ್ತ್ರಿ ಅಕ್ಕ ಅಷ್ಟರೊಳಗೆ ಹೇಳುವುದನ್ನು ಕಲಿತಳು. ಬಟ್ಟೆಯ ಸುಕ್ಕು ತೆಗೆದಂತೆ ತನ್ನ ಬದುಕಿನ ಸುಕ್ಕನ್ನೂ ತೆಗೆದು, ನೀಟಾಗಿ ಮಡಚಿ, ಕೈಗಿಡುತ್ತಿದ್ದಳು.

ಚುಕ್ಕಿ ಅಮ್ಮ ಗುಂಪಿಗೆ ಬಂದಾಗ ಅವಳ ಮಗುವಿಗಿನ್ನೂ ಕತ್ತು ನಿಂತಿರಲಿಲ್ಲ. ಎಲ್ಲರಂತೆ ಅವಳದೂ ಅವೇ ಪ್ರಶ್ನೆಗಳು. ಸಂಜೆಯಾದರೆ ಯಾಕೆ ಅಳುತ್ತಾಳೆ? ಹಾಲು ಸಾಲುತ್ತಿದೆಯೋ ಇಲ್ಲವೋ? ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಹೇಳಿದ್ದನ್ನು ಹೇಳಿದಂತೆ ಮಾಡಿ, ಮಾರನೆಯ ದಿನ ವರದಿ ಒಪ್ಪಿಸುವ ಹುಡುಗಿ ಅದು. ‘ಅಕ್ಕ, ಭುಜದ ಮೇಲೆ ಹಾಕಿಕೊಂಡು ತಟ್ಟಿದೆ, ತೇಗಿದಳು’ ಎಂಬ ಅವಳ ಸಾಲು ಓದಿದಾಗ ಅಕ್ಕನ ಕೈಯಲ್ಲಿ ಇಸ್ತ್ರಿ ಹಗುರಾಗುತ್ತಿತ್ತು.

ಒಂದು ಮಧ್ಯಾಹ್ನ ಬಂದ ಸಂದೇಶ ಬೇರೆ ತೆರನಾಗಿತ್ತು.

‘ಅಕ್ಕ, ಚುಕ್ಕಿ ಅತ್ತರೆ ಗೋಡೆಯಾಚೆ ಯಾರ ಮಗುವೋ ಅಳುವ ಹಾಗೆ ಕೇಳಿಸುತ್ತೆ. ಎತ್ತಿಕೊಳ್ಳುತ್ತೇನೆ, ಹಾಲು ಕೊಡುತ್ತೇನೆ. ಕೈ ತನ್ನ ಪಾಡಿಗೆ ಮಾಡುತ್ತೆ. ನಾನು ಮಾತ್ರ ಅಲ್ಲಿ ಇರುವುದಿಲ್ಲ. ನಾನಿಲ್ಲದಿದ್ದರೂ ಈ ಮನೆ ನಡೆಯುತ್ತೆ ಅನಿಸುತ್ತೆ. ಡಾಕ್ಟರಿಗೆ ತೋರಿಸಲಾ?’

ಆ ಹೊತ್ತಿಗೆ ಮದುವೆ ಔತಣದ ಮೇಜಿನ ಬಟ್ಟೆಗಳು ಎದೆಯೆತ್ತರಕ್ಕೆ ಬಿದ್ದಿದ್ದವು. ಅಕ್ಕ ಗೆಣ್ಣಿನಿಂದ ಫೋನು ಒತ್ತಿದಳು.

“ಅಯ್ಯೋ ನನ್ನ ಕಂದ, ಡಾಕ್ಟರೂ ಬೇಡ ಗೀಕ್ಟರೂ ಬೇಡ. ಹೋದರೆ ಮಾತ್ರೆ ಬರೀತಾರೆ, ಹಾಲು ಬತ್ತುತ್ತೆ, ಆಮೇಲೆ ಮಗು ಗತಿ ಏನು? ಇದು ಎಲ್ಲ ತಾಯಿಗೂ ಆಗೋದೇ. ನನಗೂ ಆಗಿತ್ತು. ಎರಡನೇದು ಹುಟ್ಟಿದಾಗ ಗೋಡೆ ನೋಡ್ಕೊಂಡು ಕೂತುಬಿಟ್ಟಿದ್ದೆ. ಒಂದಿನ ನಮ್ಮತ್ತೆ ಒದ್ದೆ ಬಟ್ಟೆ ಬುಟ್ಟಿ ತಂದು ಮುಂದಿಟ್ಟು ‘ಏಳು’ ಅಂದ್ರು. ಎದ್ದೆ. ಅಷ್ಟೇ. ಮಗೂನ ಎದೆಗೆ ಹಾಕ್ಕೋ, ಕಣ್ಣು ಮುಚ್ಕೋ. ಮೋಡ ಸರಿದ ಹಾಗೆ ಸರಿಯುತ್ತೆ.”

ಇಸ್ತ್ರಿ ಉಸ್ಸೆಂದು ಆವಿ ಬಿಟ್ಟಿತು. ಸಂದೇಶ ಹೋಯಿತು. ಅದರ ಕೆಳಗೆ ಕೆಂಪು ಹೃದಯಗಳ ಸಾಲು ನಿಂತಿತು. ‘ಅಕ್ಕನ ಮಾತು ಕೇಳಿದರೆ ಅರ್ಧ ಕಾಯಿಲೆ ವಾಸಿ’ ಎಂದು ಪುಟ್ಟಿ ಅಮ್ಮ ಬರೆದಳು. ಚುಕ್ಕಿ ಅಮ್ಮ ‘ಸರಿ ಅಕ್ಕ’ ಎಂದಷ್ಟೇ ಬರೆದು ಸುಮ್ಮನಾದಳು.

ಅವಳ ಸದ್ದಿಲ್ಲದೆ ಕೆಲವು ದಿನ ಕಳೆದವು. ಗುಂಪಿನಲ್ಲಿ ಯಾರಾದರೂ ಸುಮ್ಮನಾದರೆ ಮಗು ಸುಖವಾಗಿದೆಯೆಂದೇ ಅರ್ಥ. ಅಕ್ಕನೂ ಹಾಗೆಯೇ ಅಂದುಕೊಂಡಳು. ಒಂದು ಬೆಳಿಗ್ಗೆ ಚುಕ್ಕಿ ಅಮ್ಮನ ನಂಬರಿನಿಂದ ಅವಳೊಬ್ಬಳಿಗೇ ಸಂದೇಶ ಬಂತು.

‘ನಾನು ಚುಕ್ಕಿಯ ಅಪ್ಪ. ನನ್ನ ಹೆಂಡತಿ ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿದ್ದಳು. ಊರಾಚೆಯ ಸೇತುವೆಯ ಮೇಲೆ ಒಬ್ಬಳೇ ನಿಂತಿದ್ದವಳನ್ನು ಬಸ್ಸಿನವರು ನೋಡಿ ಕರೆತಂದರು. ಈಗ ಆಸ್ಪತ್ರೆಯಲ್ಲಿದ್ದಾಳೆ. ಯಾರ ಜೊತೆಯೂ ಮಾತಾಡುತ್ತಿಲ್ಲ. ಫೋನಿನಲ್ಲಿ ನಿಮ್ಮ ದನಿಯನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದಳು. ನೀವು ಬಂದರೆ ಮಾತಾಡಬಹುದು.’

ಅಕ್ಕ ಅದನ್ನು ನಿಧಾನವಾಗಿ ಎರಡು ಸಲ ಓದಿದಳು. ಕೊನೆಗೆ ಹಾಕಿದ್ದ ಆಸ್ಪತ್ರೆಯ ವಿಳಾಸ ಅವಳದೇ ಊರಿನದು, ಎರಡು ಬಸ್ಸು ಬದಲಿಸಿದರೆ ಸಿಗುವಂಥದ್ದು. ಇಷ್ಟು ದಿನ ಆ ಹುಡುಗಿ ಎಲ್ಲೋ ಪರದೆಯೊಳಗೆ ಇದ್ದಾಳೆಂದು ತಿಳಿದಿದ್ದಳು. ಅವಳು ಇದೇ ಊರಿನ ಬೀದಿಯಲ್ಲಿ ಮಗುವನ್ನೆತ್ತಿಕೊಂಡು ನಡೆಯುತ್ತಿದ್ದಳೆಂಬುದು ಈಗ ಎದೆಗೆ ಬಡಿಯಿತು. ಮೇಲ್ವಿಚಾರಕನಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಟಳು.

ಬಸ್ಸಿನಲ್ಲಿ ಕೂತಾಗ, ಎಷ್ಟೋ ವರ್ಷದಿಂದ ನೆನಪಿಗೆ ಬಾರದ ಸಂಗತಿಯೊಂದು ಬಂತು. ಗೋಡೆ ನೋಡುತ್ತ ಕೂತಿದ್ದ ಆ ಕಾಲದಲ್ಲಿ ಅವಳ ಸ್ವಂತ ಅಕ್ಕ ತನ್ನ ಮನೆಮಠ ಬಿಟ್ಟು ಬಂದು ಅವಳ ಜೊತೆಗಿದ್ದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಮಲಗಿದರೆ ಅವಳ ಮಣಿಕಟ್ಟು ಹಿಡಿದುಕೊಂಡೇ ಮಲಗುತ್ತಿದ್ದಳು. ಬುದ್ಧಿ ಹೇಳಲಿಲ್ಲ, ಬಯ್ಯಲಿಲ್ಲ, ಕೈ ಮಾತ್ರ ಬಿಡಲಿಲ್ಲ. ಆ ಬೇಸಿಗೆ ಪೂರ್ತಿ ಹಾಗೆ ಹಿಡಿದಿದ್ದಳು. ಅತ್ತೆ ಬುಟ್ಟಿ ತಂದಿಟ್ಟದ್ದು ಅದೆಲ್ಲ ಆದ ಮೇಲೆ. ಹೇಳಿ ಹೇಳಿ ಕತೆ ಚಿಕ್ಕದಾಗುತ್ತ ಹೋದಂತೆ ಒದ್ದೆ ಬಟ್ಟೆಯ ಬುಟ್ಟಿ ಉಳಿದುಕೊಂಡಿತ್ತು, ಆ ಅಕ್ಕ ಕತೆಯಿಂದ ಬಿಟ್ಟುಹೋಗಿದ್ದಳು. ಒಂದು ನಿಮಿಷದ ಸಂದೇಶದಲ್ಲಿ ಅವಳಿಗೆ ಜಾಗವಿರಲಿಲ್ಲ.

ವಾರ್ಡಿನ ಕೊನೆಯ ಮಂಚದ ಅಂಚಿನಲ್ಲಿ ಹುಡುಗಿ ಕೂತಿದ್ದಳು. ತನ್ನ ಮಗಳಿಗಿಂತ ಚಿಕ್ಕವಳು. ಯಾರೋ ತಲೆ ಬಾಚಿ ಬಿಗಿಯಾಗಿ ಹೆಣೆದಿದ್ದರು. ಹಾಲು ಸೋರಿ ಆಸ್ಪತ್ರೆಯ ಅಂಗಿಯ ಎದೆಯ ಮೇಲೆ ಎರಡು ಒದ್ದೆ ಕಲೆಗಳಾಗಿದ್ದವು.

“ಕಂದಾ, ನಾನು ಬಂದಿದ್ದೀನಿ. ಇಸ್ತ್ರಿ ಅಕ್ಕ.”

ಹುಡುಗಿ ತಲೆಯೆತ್ತಿ ನೋಡಿದಳು. ಗುರುತು ಹತ್ತಲಿಲ್ಲ. ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟಳು.

“ಆವಿ ಸದ್ದಿಲ್ಲ,” ಎಂದಳು.

“ಅದು ಕೆಲಸದ ಜಾಗದ್ದು ಕಂದಾ. ನಾನೇ ಇದು.”

ಹುಡುಗಿ ಸಣ್ಣ ದನಿಯಲ್ಲಿ ವರದಿ ಒಪ್ಪಿಸತೊಡಗಿದಳು. “ನೀವು ಹೇಳಿದ ಹಾಗೇ ಮಾಡಿದೆ ಅಕ್ಕ. ಎದೆಗೆ ಹಾಕ್ಕೊಂಡೆ. ಕಣ್ಣು ಮುಚ್ಕೊಂಡೆ. ದಿನಾ ಮಾಡಿದೆ. ಎಲ್ಲ ತಾಯಿಗೂ ಸರಿಹೋಗುತ್ತೆ ಅಂದ್ರಲ್ಲ, ನನಗೆ ಹೋಗಲಿಲ್ಲ. ನಾನು ತಾಯೀನೇ ಅಲ್ಲವೇನೋ.”

ಅಕ್ಕ ಬಾಗಿ ಹುಡುಗಿಯ ಮಣಿಕಟ್ಟು ಹಿಡಿದುಕೊಂಡಳು. ಅದು ಕಡ್ಡಿಯಂತಿತ್ತು, ತಣ್ಣಗಿತ್ತು. ಹುಡುಗಿ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಹೊರಗೆ ಮೊಗಸಾಲೆಯಲ್ಲಿ ಮಗು ಕಿರುಚುತ್ತಿತ್ತು. ಹುಡುಗಿಯ ಅತ್ತೆ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು. ಮಗ, ಅಂದರೆ ಹುಡುಗಿಯ ಗಂಡ, ಲಿಫ್ಟ್ ರಿಪೇರಿಯವನು. ಗ್ರೀಸು ಮೆತ್ತಿದ ಸಮವಸ್ತ್ರದಲ್ಲೇ ಬಂದು ಗೋಡೆಗೊರಗಿ ನಿಂತಿದ್ದ. ಅವರೆದುರಿಗೆ ಲೇಡಿ ಡಾಕ್ಟರು.

“ಇದು ಸೋಮಾರಿತನ ಅಲ್ಲ, ಕಾಯಿಲೆ. ವಾಸಿಯಾಗೋ ಕಾಯಿಲೆ,” ಎನ್ನುತ್ತಿದ್ದರು ಡಾಕ್ಟರು. “ಒಂದಷ್ಟು ವಾರ ಇಲ್ಲೇ ಇರಲಿ. ಒಬ್ಬಳನ್ನೇ ಬಿಡೋ ಹಾಗಿಲ್ಲ. ಮಗುವನ್ನ ಈ ವಾರ್ಡಿನೊಳಗೆ ಬಿಡೋ ಹಾಗಿಲ್ಲ, ಬಾಟಲಿ ಅಭ್ಯಾಸ ಮಾಡಿಸಿ.”

“ಬಾಟಲಿ ಮೂಸಿಯೂ ನೋಡಲ್ಲ ಡಾಕ್ಟ್ರೇ ಇದು! ನಿನ್ನೆಯಿಂದ ಚಮಚದಲ್ಲಿ ಹನಿ ಹನಿ ಬಿಡ್ತಿದ್ದೀನಿ. ಅವಳನ್ನ ಉಳಿಸೋಕೆ ಹೋಗಿ ಇದನ್ನ ಕಳ್ಕೊಳ್ಳಲಾ?” ಅತ್ತೆಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಕೆಟ್ಟ ಹೆಂಗಸಲ್ಲ. ಸೊಸೆಯ ತಲೆ ಬಾಚಿದವಳೂ ಇವಳೇ. ವಾರ್ಡಿನಿಂದ ಹೊರಬಂದ ಅಕ್ಕನನ್ನು ಕಂಡು ಅವಳ ಮುಖ ಅರಳಿತು. “ನೀವೇನಾ ತಾಯಿ ಇಸ್ತ್ರಿ ಅಕ್ಕ? ನಮ್ಮನೇಲಿ ನಿಮ್ಮ ದನಿ ಕೇಳದ ದಿನ ಇಲ್ಲ. ಸರಿಯಾದ ಹೊತ್ತಿಗೆ ಬಂದ್ರಿ. ಮನೆಗೆ ಹೋಗು, ಮಗೂನ ನೋಡ್ಕೋ ಅಂತ ನೀವೊಂದು ಮಾತು ಹೇಳಿಬಿಡಿ. ನಿಮ್ಮ ಮಾತು ಮೀರಲ್ಲ ಅವಳು.”

“ಇಲ್ಲಮ್ಮಾ,” ಎಂದಳು ಅಕ್ಕ. “ಕರ್ಕೊಂಡು ಹೋಗಬೇಡಿ. ಡಾಕ್ಟರು ಹೇಳಿದ ಹಾಗೆ ಇಲ್ಲೇ ಇರಲಿ.”

“ಏನಂದ್ರಿ?”

“ಇಲ್ಲೇ ಇರಲಿ. ಮಗುವಿಗೆ ಬಾಟಲಿ ನಾನು ಕಲಿಸ್ತೀನಿ. ನಿಮ್ಮನೆಗೆ ಬಂದು ಕುಡಿಸ್ತೀನಿ.”

“ಎಷ್ಟು ದಿನ ಬರ್ತೀರಿ?”

ಅಕ್ಕ ತಡವರಿಸಿದಳು. ಲಾಂಡ್ರಿಯ ಪಾಳಿ, ಈಗಾಗಲೇ ಹೇಳಿ ಬಂದಿದ್ದ ಸುಳ್ಳು, ಎರಡೆರಡು ಬಸ್ಸು ಎಲ್ಲವೂ ಕಣ್ಣ ಮುಂದೆ ಸುಳಿದವು. ಒಂದೇ ಗಳಿಗೆ. ಅಷ್ಟು ಸಾಕಾಯಿತು.

“ಅದೇ ನೋಡಿ,” ಎಂದಳು ಅತ್ತೆ. “ಬಂದು ಹೋಗೋರು ಎಷ್ಟು ದಿನ ಬರ್ತಾರೆ? ಮಗೂಗೆ ತಾಯೀನೇ ಬೇಕು. ಇದನ್ನ ನಾನಾಗಿ ಹೇಳ್ತಿಲ್ಲ, ನೀವೇ ಹೇಳಿದ್ದು. ಏಯ್, ಅದನ್ನ ಹಾಕೋ.”

ಗಂಡ ಹೆಂಡತಿಯ ಫೋನು ತೆಗೆದ. ಹುಡುಕಬೇಕಾಗಿರಲಿಲ್ಲ, ಅದು ಮೇಲೆಯೇ ಇತ್ತು. ಆಸ್ಪತ್ರೆಯ ಬೋಳು ಮೊಗಸಾಲೆಯಲ್ಲಿ ಅಕ್ಕನ ದನಿ ಅಕ್ಕನಿಗಿಂತ ದೊಡ್ಡದಾಗಿ ಕೇಳಿಸಿತು. ‘ಅಯ್ಯೋ ನನ್ನ ಕಂದ, ಡಾಕ್ಟರೂ ಬೇಡ ಗೀಕ್ಟರೂ ಬೇಡ…’ ಎಷ್ಟು ಧೈರ್ಯ ಆ ದನಿಗೆ! ಎಷ್ಟು ಅಕ್ಕರೆ! ಬೆಂಚಿನ ಮೇಲಿದ್ದ ಯಾರೋ ಮುದುಕಿ ಹೌದೆಂದು ತಲೆದೂಗಿದಳು. ‘ಎದ್ದೆ. ಅಷ್ಟೇ’ ಎಂದಿತು ದನಿ. ಆವಿ ಉಸ್ಸೆಂದಿತು.

“ಅದು… ಅದು ನಾನು ಪೂರ್ತಿ ಹೇಳಿರಲಿಲ್ಲ,” ಎಂದಳು ಅಕ್ಕ. “ನನ್ನ ಜೊತೆ ನಮ್ಮಕ್ಕ ಇದ್ದಳು. ಹಗಲೂ ರಾತ್ರಿ ಇದ್ದಳು. ಅದನ್ನ ಬಿಟ್ಟುಬಿಟ್ಟಿದ್ದೆ. ನನ್ನ ಮಾತು ನಂಬಬೇಡಿ.”

ಹೇಳುವಾಗ ಅವಳ ದನಿ ನಡುಗಿತು, ಮಾತು ಮಾತಿಗೆ ಸಿಕ್ಕಿಕೊಂಡಿತು. ಫೋನಿನೊಳಗಿನ ಹೆಂಗಸಿನ ಮುಂದೆ ಇವಳು ಯಾರೋ ಗಾಬರಿಬಿದ್ದ ಮುದುಕಿಯಂತೆ ಕಾಣುತ್ತಿದ್ದಳು.

“ಆಸ್ಪತ್ರೆ ನೋಡಿ ಹೆದರಿಬಿಟ್ಟಿದ್ದೀರಿ ನೀವು,” ಎಂದಳು ಅತ್ತೆ, ಸಮಾಧಾನ ಮಾಡುವಂತೆ. “ಇಲ್ಲಿಗೆ ಬಂದರೆ ಎಂಥವರ ಎದೆಯೂ ಒಡೆಯುತ್ತೆ. ಅವತ್ತು ತಣ್ಣಗೆ ಯೋಚಿಸಿ ಹೇಳಿದ್ದೇ ಸರಿ.”

ಡಾಕ್ಟರು ಇನ್ನೊಂದು ಸಲ ಬಿಡಿಸಿ ಹೇಳಿದರು. ಗಂಡ ಎಲ್ಲರ ಮುಖ ನೋಡಿದ. ಲಿಫ್ಟು ಕೆಟ್ಟರೆ ಯಾವ ತಂತಿ ಮುಟ್ಟಬೇಕೆಂದು ಅವನಿಗೆ ಗೊತ್ತು, ಇಲ್ಲಿ ಗೊತ್ತಾಗಲಿಲ್ಲ. ಕೊನೆಗೆ ಒಳಗೆ ಹೋಗಿ ಹೆಂಡತಿಯನ್ನೇ ಕೇಳಿದ.

“ನೀನೇನಂತೀಯ? ಇರ್ತೀಯಾ? ಬರ್ತೀಯಾ?”

ಮಗುವಿನ ಕಿರುಚಾಟ ಬಾಗಿಲು ದಾಟಿ ಬರುತ್ತಿತ್ತು. ಹುಡುಗಿಯ ಅಂಗಿಯ ಮೇಲಿನ ಕಲೆಗಳು ದೊಡ್ಡದಾದವು.

“ಬರ್ತೀನಿ,” ಎಂದಳು. “ಹಸಿದಿದ್ದಾಳೆ.”

ತಮ್ಮ ಹೊಣೆಯ ಮೇಲೆ ಕರೆದೊಯ್ಯುವುದಾಗಿ ಬರೆದುಕೊಟ್ಟು ಅವರು ಸಂಜೆಯೊಳಗೆ ಹೊರಟರು. ಮೆಟ್ಟಿಲಿಳಿಯುವಾಗ ಹುಡುಗಿ ಅಕ್ಕನ ಕಡೆ ತಿರುಗಿ, “ಈ ಸಲ ಸರಿಯಾಗಿ ಮಾಡ್ತೀನಿ ಅಕ್ಕ,” ಎಂದಳು.

ವಾರದ ರಜೆಯಲ್ಲಿ ಅಕ್ಕ ಅವರ ಮನೆ ಹುಡುಕಿಕೊಂಡು ಹೋದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಹುಡುಗಿ ಮಗುವಿನ ಬಟ್ಟೆ ಹಿಂಡಿ ತಂತಿಗೆ ಹಾಕುತ್ತಿದ್ದಳು. ನೆಲ ಹೊಳೆಯುತ್ತಿತ್ತು, ಪಾತ್ರೆಗಳು ಸಾಲಾಗಿ ಬೋರಲು ಬಿದ್ದಿದ್ದವು. “ನೋಡಿ, ಹೇಗೆ ಎದ್ದಿದ್ದಾಳೆ!” ಎಂದಳು ಅತ್ತೆ. ಹುಡುಗಿ ನಕ್ಕಳು. ಆ ನಗು ಚೆನ್ನಾಗಿ ಇಸ್ತ್ರಿ ಮಾಡಿದಂತಿತ್ತು, ಒಂದು ಸುಕ್ಕೂ ಇಲ್ಲ. ಅಕ್ಕನಿಗೆ ಅದನ್ನು ನೋಡಿಯೇ ಭಯವಾಯಿತು.

ಅವಳು ಗಂಡನನ್ನು ಮೆಟ್ಟಿಲ ಬಳಿಗೆ ಕರೆದಳು.

“ಮತ್ತೆ ಡಾಕ್ಟರ ಹತ್ತಿರ ಹೋದ್ರಾ?”

“ಮುಂದಿನ ವಾರ ಹೋಗ್ತೀವಿ. ಈಗ ಆರಾಮಾಗಿದ್ದಾಳಲ್ಲ.”

“ನಾಳೇನೇ ಹೋಗು ಮಗಾ. ನನ್ನ ಮೇಲಾಣೆ. ಅವಳನ್ನ ಒಬ್ಬಳನ್ನೇ ಬಿಡಬೇಡ. ಸುಮ್ಮನೆ ಪಕ್ಕದಲ್ಲಿರು, ಸಾಕು.”

“ರಜೆ ಕೇಳ್ತೀನಿ,” ಎಂದ ಅವನು. ನಿಜವಾಗಿಯೂ ಕೇಳಿದ. ಬಹುಮಹಡಿ ಕಟ್ಟಡವೊಂದರಲ್ಲಿ ಲಿಫ್ಟು ಜೋಡಿಸುವ ಕೆಲಸ ಮೊದಲು ಮುಗಿಯಲಿ ಎಂದರಂತೆ ಕಂಪನಿಯವರು.

ಆ ಕೆಲಸ ಮುಗಿಯುವ ಮೊದಲೇ ಎಲ್ಲ ಮುಗಿಯಿತು. ಒಂದು ಬೆಳಿಗ್ಗೆ ಅತ್ತೆ ಪೇಟೆಗೆ ಹೋಗಿದ್ದಾಗ ಹುಡುಗಿ ಮಗುವಿಗೆ ಸ್ನಾನ ಮಾಡಿಸಿ, ಹೊಟ್ಟೆ ತುಂಬ ಹಾಲು ಕೊಟ್ಟು, ಮಲಗಿಸಿ, ಪಕ್ಕದ ಮನೆಯವರಿಗೆ ಮಗುವಿನ ಕಡೆ ಕಿವಿ ಇಟ್ಟಿರಿ ಎಂದು ಹೇಳಿ ಹೋದಳು. ಈ ಸಲ ಅವಳನ್ನು ಯಾರೂ ನೋಡಲಿಲ್ಲ. ನೋಡಿದಾಗ ಉಸಿರಿರಲಿಲ್ಲ.

ಗುಂಪಿಗೆ ಸುದ್ದಿ ಹಾಕಿದವಳು ಅವಳಿ ಅಮ್ಮ. ಬೆಳಗುವ ದೀಪಗಳೂ ಮುಗಿದ ಕೈಗಳೂ ಪರದೆಯ ತುಂಬ ತುಂಬಿದವು. ಹೆಸರು ಹಿಡಿದು ಅಳಲಿಕ್ಕೆ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ‘ಚುಕ್ಕಿ ಅಮ್ಮನ ಆತ್ಮಕ್ಕೆ ಶಾಂತಿ ಸಿಗಲಿ’ ಎಂದೇ ಎಲ್ಲರೂ ಬರೆದರು. ಆ ಸಾಲುಗಳು ಮೇಲೆ ಸರಿಯುತ್ತಿದ್ದಂತೆ ಹೊಸಬಳೊಬ್ಬಳು ಅಂಜುತ್ತಲೇ ಕೇಳಿದಳು. ಮಗುವಿಗೆ ಹಲ್ಲು ಬರುವಾಗ ಜ್ವರ ಬರುತ್ತದೆಯೇ? ಐದಾರು ಮಂದಿ ಅದಕ್ಕೂ ಉತ್ತರ ಕೊಟ್ಟರು.

ಅಕ್ಕ ಹೋದಾಗ ಮನೆಯಲ್ಲಿ ಬಂದವರೆಲ್ಲ ಹೊರಟುಹೋಗಿದ್ದರು. ತಂತಿಯ ಮೇಲೆ ಮಗುವಿನ ಬಟ್ಟೆಗಳು ಇನ್ನೂ ಇದ್ದವು, ಬಿಸಿಲಿಗೆ ಸೆಟೆದುಕೊಂಡಿದ್ದವು. ಗಂಡ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅವಳನ್ನು ನೋಡಿ ಏಳಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಅವಳು ಅಲ್ಲೇ ಕುಸಿದು ಅಳುತ್ತಿದ್ದಳು. ಆ ದಾರಿ ಅವನು ಕೊಡಲಿಲ್ಲ.

ಒಳಗಿನಿಂದ ಅತ್ತೆ ಮಗುವನ್ನೆತ್ತಿಕೊಂಡು ಓಡಿ ಬಂದಳು. ಅತ್ತು ಅತ್ತು ಮಗುವಿನ ದನಿ ಬಿದ್ದುಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು.

“ಬಂದ್ರಾ ತಾಯಿ? ಬಾಟಲಿ ಮುಟ್ಟಿಸಿದ್ರೆ ಸಾಕು, ಮುಖ ತಿರುಗಿಸ್ತಾಳೆ. ಏನು ಮಾಡಲಿ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ.”

ಅಕ್ಕ ಕೈ ಚಾಚಿ ಮಗುವನ್ನು ತೆಗೆದುಕೊಂಡಳು. ಬಾಟಲಿಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮಗುವಿನ ಬೆನ್ನು ತನ್ನ ಎದೆಗೆ ಬರುವಂತೆ, ಮುಖ ಹೊರಗಿರುವಂತೆ ಹಿಡಿದುಕೊಂಡು, ಕೋಣೆಯಲ್ಲಿ ಮೆಲ್ಲಗೆ ನಡೆಯತೊಡಗಿದಳು. ಮಗು ಎರಡು ಸಲ ಉಗುಳಿತು. ಮೂರನೆಯ ಸಲ ತುಟಿಗೆ ತಾಗಿದ್ದನ್ನು ನಾಲಗೆಯಿಂದ ಮುಟ್ಟಿ ನೋಡಿತು, ಸುಮ್ಮನಾಯಿತು, ಆಮೇಲೆ ಹಿಡಿಯಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಖಾಲಿ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಅತ್ತೆ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು.

“ನೋಡಿದ್ಯೇನೋ? ಅನುಭವ ಅಂದ್ರೆ ಇದು,” ಎಂದಳು.

ಅವನು ಎದ್ದು ಹೊರಗೆ ಹೋಗಿ, ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದ.